ಬಿರುಗಾಳಿ ಮಳೆಯಲ್ಲಿ ಸ್ಪರ್ಧೆಯ ದೈತ್ಯ ಕುಂಬಳ: ಬೀಜದಿಂದ ತೂಕದವರೆಗೆ

ದೈತ್ಯ ಕುಂಬಳ ಬೆಳೆಯುವವರು ಹೆದರುವುದು ಗಾಳಿಗೆ. ಆದರೆ ಕಾಯಿ ಕೈತಪ್ಪುವುದು ಹೆಚ್ಚಾಗಿ ಗಾಳಿ ನಿಂತ ಮೇಲೆ. ಮಳೆ ನಿಂತು ಬಿಸಿಲು ಬಿದ್ದ ಎರಡನೇ, ಮೂರನೇ ದಿನ ತೊಟ್ಟಿನ ಬಳಿ ಬಿರುಕು ಕಾಣುತ್ತದೆ, ಅಥವಾ ವಾರ ಕಳೆಯುವುದರೊಳಗೆ ಬುಡ ಕೊಳೆತು ಬಳ್ಳಿಯೇ ಬಾಡುತ್ತದೆ. ಗಾಳಿ ಎಲೆ ಹರಿಯುತ್ತದೆ, ನೀರು ಕಾಯಿ ಒಡೆಯುತ್ತದೆ. ಈ ಮಾರ್ಗದರ್ಶಿಯಲ್ಲಿ ಗಾಳಿಗೆ ಎಷ್ಟು ಜಾಗವೋ ನೀರಿಗೆ ಅದಕ್ಕಿಂತ ಹೆಚ್ಚು ಜಾಗ ಇರುವುದು ಅದಕ್ಕೇ.

ಸ್ಪರ್ಧೆಗೆ ಬೆಳೆಯುವ ತಳಿ ಬಹುತೇಕ ಒಂದೇ: ಕೆನಡಾದ ನೋವಾ ಸ್ಕೋಷಿಯಾದ ಹೊವಾರ್ಡ್ ಡಿಲ್ ಅಭಿವೃದ್ಧಿಪಡಿಸಿದ ಅಟ್ಲಾಂಟಿಕ್ ಜೈಂಟ್ ಮತ್ತು ಅದರ ವಂಶ. 2023ರಲ್ಲಿ ಅಮೆರಿಕದ ಟ್ರಾವಿಸ್ ಗೀಂಗರ್ ಅವರ ಕಾಯಿ 1,247 ಕಿಲೋ ತೂಗಿ ವಿಶ್ವದಾಖಲೆಯಾಗಿತ್ತು. 2025ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಇಯಾನ್ ಮತ್ತು ಸ್ಟುವರ್ಟ್ ಪೇಟನ್ ಎಂಬ ಅವಳಿ ಸೋದರರು 1,278.8 ಕಿಲೋ ತೂಗಿಸಿ ಆ ದಾಖಲೆ ಮುರಿದರು. ಪೇಟನ್ ಸೋದರರು ಬೆಳೆಯುವುದು ಹಸಿರುಮನೆಯೊಳಗೆ ಎಂಬುದನ್ನು ಮರೆಯಬಾರದು. ಬಯಲಲ್ಲಿ ಬೆಳೆಯುವವರು ಅವರ ತೂಕವನ್ನಲ್ಲ, ಅವರ ಬಳ್ಳಿಗೆ ಸಿಗುವ ನೆಮ್ಮದಿಯನ್ನು ಗುರಿಯಾಗಿಟ್ಟುಕೊಳ್ಳುವುದು ವಾಸಿ.

ಜಾಗ, ಮಣ್ಣು, ನೀರು ಹರಿಯುವ ದಾರಿ

ಒಂದು ಗಿಡಕ್ಕೆ 60ರಿಂದ 90 ಚದರ ಮೀಟರ್ ಜಾಗ ಬೇಕು. ದಿನಕ್ಕೆ ಕನಿಷ್ಠ ಎಂಟು ಗಂಟೆ ಬಿಸಿಲು ಬೀಳಬೇಕು. ಮಣ್ಣಿನ ರಸಸಾರ (pH) 6.5ರಿಂದ 6.8ರೊಳಗಿದ್ದರೆ ಒಳ್ಳೆಯದು. ಚೆನ್ನಾಗಿ ಕಳಿತ ಗೊಬ್ಬರವನ್ನು 5ರಿಂದ 8 ಸೆಂ.ಮೀ. ದಪ್ಪ ಹರಡಿ, ನಾಟಿಗೆ ಕೆಲವು ತಿಂಗಳು ಮೊದಲೇ ಮಣ್ಣಿಗೆ ಬೆರೆಸಿ. ಹಸಿ ಗೊಬ್ಬರವನ್ನು ನಾಟಿಯ ಹೊತ್ತಿಗೆ ಹಾಕಿದರೆ ಬೇರು ಸುಡುತ್ತದೆ.

ಗೊಬ್ಬರಕ್ಕಿಂತ ಮೊದಲು ನೋಡಬೇಕಾದದ್ದು ನೀರು ಇಂಗುವ ವೇಗ. 30 ಸೆಂ.ಮೀ. ಆಳದ ಗುಂಡಿ ತೋಡಿ ತುಂಬ ನೀರು ಹಾಕಿ. ಅದು ಇಂಗಿದ ಮೇಲೆ ಮತ್ತೊಮ್ಮೆ ತುಂಬಿ, ಗಂಟೆಗೆ ಎಷ್ಟು ಇಳಿಯುತ್ತದೆಂದು ಅಳೆಯಿರಿ. ಗಂಟೆಗೆ 2.5 ಸೆಂ.ಮೀ.ಗಿಂತ ಕಡಿಮೆ ಇಳಿದರೆ ಆ ಜಾಗ ದೊಡ್ಡ ಮಳೆಯನ್ನು ತಾಳಿಕೊಳ್ಳುವುದಿಲ್ಲ. ಅಂಥ ಕಡೆ ಇಡೀ ಮಡಿಯನ್ನು 20ರಿಂದ 30 ಸೆಂ.ಮೀ. ಏರಿಸಿ, ಮಧ್ಯ ಉಬ್ಬಿಸಿ, ಅಂಚಿಗೆ ಇಳಿಜಾರು ಕೊಡಿ. ಸುತ್ತ 30 ಸೆಂ.ಮೀ. ಆಳದ ಕಾಲುವೆ ತೆಗೆದು, ನೂರು ಅಡಿ ಉದ್ದಕ್ಕೆ ಒಂದು ಅಡಿಯಾದರೂ ಇಳಿಯುವಂತೆ ಹೊರದಾರಿ ಮಾಡಿ. ಹೊರದಾರಿ ಇಲ್ಲದ ಕಾಲುವೆ ಉದ್ದನೆಯ ಹೊಂಡವಷ್ಟೇ.

ಬುಡ ಕೂರುವ ಜಾಗ ಮಡಿಯಲ್ಲೇ ಎಲ್ಲಕ್ಕಿಂತ ಎತ್ತರದಲ್ಲಿರಲಿ. ಕೊಳೆ ಮೊದಲು ಹತ್ತುವುದು ಅಲ್ಲಿಗೆ. ಓಡಾಟಕ್ಕೆ ಮೊದಲ ದಿನದಿಂದಲೇ ಹಲಗೆ ಹಾಸಿ. ಒದ್ದೆ ಮಣ್ಣಿನ ಮೇಲೆ ಒಂದು ಹೆಜ್ಜೆ ಇಟ್ಟರೂ ಅಡಿಯ ಗಾಳಿಯೆಲ್ಲ ಹಿಂಡಿಹೋಗಿ ಅಲ್ಲಿನ ಬೇರು ಉಸಿರುಗಟ್ಟುತ್ತದೆ.

ಗಾಳಿತಡೆ

ತಗಡಿನ ಗೋಡೆ, ಗಟ್ಟಿ ಹಲಗೆಯ ಬೇಲಿ ಬೇಡ. ಗಾಳಿ ಅದನ್ನು ಹತ್ತಿ ಆಚೆ ಬದಿಯಲ್ಲಿ ಸುಳಿಯಾಗಿ ಇಳಿಯುತ್ತದೆ. ಆ ಸುಳಿ ನೇರ ಗಾಳಿಗಿಂತ ಕೆಟ್ಟದ್ದು, ಎಲೆಯನ್ನು ಕೆಳಗಿನಿಂದ ಎತ್ತಿ ತಿರುಚುತ್ತದೆ. ಅರ್ಧದಷ್ಟು ಗಾಳಿ ಒಳಗೆ ಬಿಡುವ ಬಲೆಯೇ ಸರಿ. 2 ಮೀಟರ್ ಎತ್ತರದ ಬಲೆ ಸುಮಾರು 10ರಿಂದ 15 ಮೀಟರ್ ದೂರದವರೆಗೆ ಗಾಳಿಯ ಬಿರುಸು ಇಳಿಸುತ್ತದೆ. ಕಂಬಗಳನ್ನು 2 ಮೀಟರಿಗೊಂದರಂತೆ ನಿಲ್ಲಿಸಿ, ಕನಿಷ್ಠ 60 ಸೆಂ.ಮೀ. ಹೂಳಿ. ಬಲೆಯನ್ನು ಗಾಳಿ ಬರುವ ಬದಿಗೇ ಕಟ್ಟಿ, ಆಗ ಗಾಳಿ ಅದನ್ನು ಕಂಬಕ್ಕೆ ಒತ್ತುತ್ತದೆ. ಆಚೆ ಬದಿಗೆ ಕಟ್ಟಿದರೆ ಎಲ್ಲ ಭಾರ ಕಟ್ಟಿದ ದಾರದ ಮೇಲೆ ಬೀಳುತ್ತದೆ. ಬಲೆಯ ಕೆಳ ಅಂಚು ನೆಲ ಮುಟ್ಟಲಿ. ಒಂದು ಗೇಣು ಸಂದು ಬಿಟ್ಟರೂ ಅಲ್ಲಿಂದ ನುಗ್ಗುವ ಗಾಳಿ ನೇರ ಬಳ್ಳಿಯ ಕುಡಿಗೆ ಹೊಡೆಯುತ್ತದೆ.

ಬೀಜ, ಸಸಿ, ದಿಕ್ಕು

ಬೀಜದ ಸಿಪ್ಪೆ ದಪ್ಪ. ಉಗುರು ಉಜ್ಜುವ ಅರದಿಂದ ಎರಡು ಪಕ್ಕದ ಅಂಚನ್ನು ಹಗುರವಾಗಿ ಉಜ್ಜಿ, ಮೊನಚು ತುದಿಯನ್ನು ಮುಟ್ಟಬೇಡಿ, ಬೇರು ಹೊರಡುವುದು ಅಲ್ಲಿಂದ. ಒಂದೆರಡು ಗಂಟೆ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, 15ರಿಂದ 20 ಸೆಂ.ಮೀ. ಕುಂಡದಲ್ಲಿ ಮೊನಚು ತುದಿ ಕೆಳಗಿರುವಂತೆ ಎರಡೂವರೆ ಸೆಂ.ಮೀ. ಆಳಕ್ಕೆ ಊರಿ. ಮಣ್ಣು 29, 30 ಡಿಗ್ರಿ ಸೆಲ್ಸಿಯಸ್ ಇದ್ದರೆ ನಾಲ್ಕೈದು ದಿನಕ್ಕೆ ಮೊಳಕೆ ಬರುತ್ತದೆ. ಬೀಜದಳಗಳ ನಂತರ ಬರುವ ಮೊದಲ ನಿಜ ಎಲೆ ಬಿಚ್ಚಿಕೊಂಡ ಕೂಡಲೇ, ಬೇರು ಕುಂಡದಲ್ಲಿ ಸುತ್ತಿಕೊಳ್ಳುವ ಮೊದಲು, ನೆಲಕ್ಕೆ ಇಳಿಸಿ.

ಇಳಿಸುವಾಗ ಒಂದು ಗುಟ್ಟು ನೆನಪಿರಲಿ: ಮುಖ್ಯ ಬಳ್ಳಿ ಸಾಮಾನ್ಯವಾಗಿ ಮೊದಲ ನಿಜ ಎಲೆಯ ಎದುರು ದಿಕ್ಕಿಗೆ ಹೊರಡುತ್ತದೆ. ಬಿರುಗಾಳಿ ಹೆಚ್ಚಾಗಿ ಬರುವ ದಿಕ್ಕು ಗೊತ್ತಿದ್ದರೆ, ಆ ಎಲೆ ಗಾಳಿಯ ಕಡೆಗೆ ಮುಖ ಮಾಡುವಂತೆ ನೆಡಿ. ಬಳ್ಳಿ ಗಾಳಿಗೆ ಬೆನ್ನು ಕೊಟ್ಟು ಓಡುತ್ತದೆ. ಗಾಳಿಗೆ ಎದುರಾಗಿ ಓಡುವ ಬಳ್ಳಿಯ ಕುಡಿಯನ್ನು ಬಿರುಗಾಳಿ ಎತ್ತಿ ಮಗುಚಿ ಹಾಕುತ್ತದೆ, ಹಾಗೆ ಮಗುಚಿದ ಎಳೆ ಬಳ್ಳಿ ಬುಡದಲ್ಲೇ ಮುರಿಯುವುದು ಸಾಮಾನ್ಯ.

ಮೊದಲ ನಾಲ್ಕರಿಂದ ಆರು ವಾರ ಪ್ಲಾಸ್ಟಿಕ್ ಹೊದಿಸಿದ ಪುಟ್ಟ ಗೂಡಿನೊಳಗೆ ಗಿಡ ಇರಲಿ. ಒಳಗಿನ ಬಿಸಿ 32 ಡಿಗ್ರಿ ದಾಟಿದರೆ ಬದಿ ತೆರೆಯಿರಿ. ಐದರಿಂದ ಎಂಟು ಎಲೆಯ ಹೊತ್ತಿಗೆ ನೆಟ್ಟಗೆ ನಿಂತಿದ್ದ ಗಿಡ ನೆಲಕ್ಕೆ ಒರಗುತ್ತದೆ. ಇಡೀ ಹಂಗಾಮಿನಲ್ಲಿ ಅತ್ಯಂತ ಅಪಾಯದ ಗಳಿಗೆ ಇದು. ತಾನಾಗಿ ಬೀಳಲು ಬಿಡಬೇಡಿ. ಮುಂದೆ ಮಣ್ಣಿನ ಸಣ್ಣ ದಿಂಬು ಮಾಡಿ, ದಿನಕ್ಕಿಷ್ಟು ಇಳಿಸುತ್ತ ಮೂರು ನಾಲ್ಕು ದಿನದಲ್ಲಿ ನೆಲ ಮುಟ್ಟಿಸಿ.

ಬಳ್ಳಿಯನ್ನು ನೆಲಕ್ಕೆ ಹೊಲಿಯುವುದು

ಮುಖ್ಯ ಬಳ್ಳಿ ನೇರ ಓಡಲಿ. ಕವಲುಗಳನ್ನು ಎರಡೂ ಬದಿಗೆ 90 ಡಿಗ್ರಿಯಲ್ಲಿ ಬಿಟ್ಟು, ಜಾಗ ನೋಡಿ 3ರಿಂದ 4 ಮೀಟರಿಗೆ ಕುಡಿ ಚಿವುಟಿ. ಕವಲಿನಿಂದ ಹೊರಡುವ ಉಪಕವಲುಗಳನ್ನು ಮೊಳಕೆಯಲ್ಲೇ ತೆಗೆಯಿರಿ. ಸುರುಳಿ ತಂತುಗಳನ್ನೂ ಚಿವುಟುವುದು ಒಳ್ಳೆಯದು. ಅವು ನೆಲವನ್ನು ಹಿಡಿಯುವ ಬದಲು ಪಕ್ಕದ ಎಲೆದಂಟನ್ನು ಹಿಡಿದು, ಗಾಳಿಯಲ್ಲಿ ಒಂದು ಎಲೆ ಹೋದರೆ ಜೊತೆಗೆ ಇನ್ನೊಂದನ್ನೂ ಎಳೆದುಕೊಂಡು ಹೋಗುತ್ತವೆ.

ಪ್ರತಿ ಗಿಣ್ಣಿನಲ್ಲೂ ಬೇರು ಬಿಡುವುದು ಈ ಬಳ್ಳಿಯ ಸ್ವಭಾವ. ಬಳ್ಳಿಯ ಕೆಳಗೆ 5ರಿಂದ 8 ಸೆಂ.ಮೀ. ಆಳದ ಗೆರೆ ತೆಗೆದು, ಬಳ್ಳಿಯನ್ನು ಅದರೊಳಗೆ ಮಲಗಿಸಿ, ಎಲೆದಂಟು ಮಾತ್ರ ಹೊರಗುಳಿಯುವಂತೆ ಮಣ್ಣು ಮುಚ್ಚಿ. ಕುಡಿಯ ಕೊನೆಯ 50, 60 ಸೆಂ.ಮೀ. ತೆರೆದಿರಲಿ. ಆ ತೆರೆದ ಭಾಗಕ್ಕೆ 30 ಸೆಂ.ಮೀ. ಉದ್ದದ ಎರಡು ಬಿದಿರು ಕಡ್ಡಿಗಳನ್ನು ಬಳ್ಳಿಯ ಮೇಲೆ ಕತ್ತರಿಯಂತೆ ಅಡ್ಡಹಾಯಿಸಿ ನೆಲಕ್ಕೆ ಚುಚ್ಚಿ. ಬಳ್ಳಿಯನ್ನು ಒತ್ತಬಾರದು, ಮೇಲೇಳಲೂ ಬಿಡಬಾರದು. ಕಡ್ಡಿಗೂ ಬಳ್ಳಿಗೂ ನಡುವೆ ಕಿರುಬೆರಳು ತೂರುವಷ್ಟು ಸಡಿಲ ಸಾಕು.

ಬಳ್ಳಿ ತಿರುಗಿಸುವ ಕೆಲಸವೆಲ್ಲ ಮಧ್ಯಾಹ್ನದ ಮೇಲೆ. ಬೆಳಿಗ್ಗೆ ನೀರು ತುಂಬಿ ಬಿರುಸಾಗಿರುವ ಬಳ್ಳಿ ಸೌತೆಕಾಯಿಯಂತೆ ಟಪ್ಪನೆ ಮುರಿಯುತ್ತದೆ. ಬಿಸಿಲಿಗೆ ತುಸು ಬಾಡಿದ ಮೇಲೆ ಅದೇ ಬಳ್ಳಿ ಹಗ್ಗದಂತೆ ಬಾಗುತ್ತದೆ.

ಮಳೆಗಾಲದಲ್ಲಿ ಪರಾಗಸ್ಪರ್ಶ

ಕಾಯಿ ಕಟ್ಟಿಸಬೇಕಾದದ್ದು ಮುಖ್ಯ ಬಳ್ಳಿಯಲ್ಲಿ, ಬುಡದಿಂದ 3ರಿಂದ 4.5 ಮೀಟರ್ ದೂರದಲ್ಲಿ. ಅದಕ್ಕಿಂತ ಹತ್ತಿರದ ಕಾಯಿಗೆ ಹಿಂದೆ ಎಲೆಬಲ ಸಾಲದು.

ಹೆಣ್ಣು ಹೂವಿನ ಮೊಗ್ಗಿನ ತುದಿ ಹಳದಿಗೆ ತಿರುಗಿದರೆ ಮರುದಿನ ಬೆಳಿಗ್ಗೆ ಅರಳುತ್ತದೆ. ಹಿಂದಿನ ಸಂಜೆಯೇ ಜೇನುನೊಣ ನುಗ್ಗದಂತೆ ತೆಳುಬಟ್ಟೆ ಕಟ್ಟಿ, ಮೇಲೆ ಕೊಡೆ ನಿಲ್ಲಿಸಿ. ನಾಳೆ ಅರಳುವ ಮೂರು ನಾಲ್ಕು ಗಂಡು ಮೊಗ್ಗುಗಳನ್ನು ಉದ್ದ ದಂಟಿನ ಸಮೇತ ಕಿತ್ತು, ಮನೆಯೊಳಗೆ ನೀರಿನ ಲೋಟದಲ್ಲಿಡಿ. ನೀರು ತಾಗಿದ ಪರಾಗ ಉಬ್ಬಿ ಒಡೆಯುತ್ತದೆ, ಅದರಿಂದ ಕಾಯಿ ಕಟ್ಟುವುದಿಲ್ಲ. ಬೆಳಗಾಗುತ್ತಲೇ ಗಂಡು ಹೂವಿನ ದಳ ತೆಗೆದು, ಕೇಸರವನ್ನು ಹೆಣ್ಣು ಹೂವಿನ ನಡುವಿನ ಶಲಾಕಾಗ್ರದ ಪ್ರತಿ ಹಾಲೆಗೂ ಮೆಲ್ಲಗೆ ಸವರಿ. ಮತ್ತೆ ಬಟ್ಟೆ ಕಟ್ಟಿ, ಸಂಜೆಯವರೆಗೆ ಕೊಡೆ ತೆಗೆಯಬೇಡಿ. ಅಂದು ಬಿಸಿಲು 32 ಡಿಗ್ರಿ ದಾಟುವುದಾದರೆ ನೆರಳು ಮಾಡಿ, ಇಲ್ಲದಿದ್ದರೆ ಹೀಚು ಹಳದಿಯಾಗಿ ಉದುರುತ್ತದೆ.

ಎರಡು ಮೂರು ಹೀಚು ಉಳಿಸಿಕೊಂಡು, 10ರಿಂದ 14 ದಿನಕ್ಕೆ ಒಂದನ್ನು ಆರಿಸಿ. ಎಲ್ಲಕ್ಕಿಂತ ದೊಡ್ಡದನ್ನೇ ಆರಿಸಬೇಕೆಂದಿಲ್ಲ. ತೊಟ್ಟು ಬಳ್ಳಿಗೆ ಹೆಚ್ಚುಕಡಿಮೆ ಲಂಬವಾಗಿರುವ, ದುಂಡಗಿನ ಹೀಚು ಬಿರುಗಾಳಿಯಲ್ಲೂ ತೊಟ್ಟು ಹರಿದುಕೊಳ್ಳುವುದಿಲ್ಲ. ಕೋನ ಸರಿಯಿಲ್ಲದಿದ್ದರೆ ಮಧ್ಯಾಹ್ನ ಮಾತ್ರ, ದಿನಕ್ಕೆ 2, 3 ಸೆಂ.ಮೀ.ನಂತೆ ಹೀಚನ್ನು ಸರಿಸಿ.

ಕಾಯಿಯ ಬಳಿ ಮಾತ್ರ ಸಡಿಲ

ಇಲ್ಲಿ ಒಂದು ಇಕ್ಕಟ್ಟಿದೆ. ಕಾಯಿ ಉಬ್ಬಿದಂತೆ ಅದರ ಹೆಗಲು ಮೇಲೇರಿ, ತೊಟ್ಟಿನ ಜೊತೆ ಬಳ್ಳಿಯನ್ನೂ ಎತ್ತುತ್ತದೆ. ಬಳ್ಳಿ ಅಲ್ಲಿ ನೆಲಕ್ಕೆ ಬೇರೂರಿದ್ದರೆ ಎಳೆತಕ್ಕೆ ತೊಟ್ಟು ಸೀಳುತ್ತದೆ. ಆದ್ದರಿಂದ ಕಾಯಿಯ ಎರಡೂ ಬದಿ 60ರಿಂದ 90 ಸೆಂ.ಮೀ. ಬಳ್ಳಿಯ ಬೇರುಗಳನ್ನು ಕತ್ತರಿಸಿ ಬಿಡಿಸಲೇಬೇಕು. ಆದರೆ ಹಾಗೆ ಬಿಟ್ಟ ಬಳ್ಳಿಯ ತುಂಡನ್ನೇ ಬಿರುಗಾಳಿ ಹಿಡಿದು ಅಲುಗಾಡಿಸುವುದು.

ಪರಿಹಾರ ಹೀಗೆ: ಆ ತುಂಡಿನ ಅಡಿಗೆ ಮೆತ್ತನೆಯ ಫೋಮ್ ತುಂಡು ಕೊಡಿ. ಬಳ್ಳಿಯ ಎರಡೂ ಪಕ್ಕಕ್ಕೆ, ಎರಡೆರಡು ಬೆರಳು ಅಂತರ ಬಿಟ್ಟು, ಬಟ್ಟೆ ಸುತ್ತಿದ ಗೂಟಗಳನ್ನು ನೆಟ್ಟಗೆ ನೆಡಿ. ಬಳ್ಳಿ ಮೇಲೆ ಕೆಳಗೆ ಆಡಬಹುದು, ಪಕ್ಕಕ್ಕೆ ಹೊರಳುವಂತಿಲ್ಲ. ಎರಡು ಮೂರು ದಿನಕ್ಕೊಮ್ಮೆ ನೋಡಿ. ತೊಟ್ಟಿನ ಕೆಳಗೆ ಬಿಳಿ ಗೆರೆಯೊಂದು ಚರ್ಮ ಹಿಗ್ಗಿದಂತೆ ಕಂಡರೆ, ಎಲ್ಲೋ ಒಂದು ಬೇರು ಇನ್ನೂ ಹಿಡಿದುಕೊಂಡಿದೆ ಎಂದೇ ಅರ್ಥ.

ಕಾಯಿ ಹೀಚಾಗಿರುವಾಗಲೇ ಅಡಿಗೆ 5ರಿಂದ 8 ಸೆಂ.ಮೀ. ದಪ್ಪ ಒರಟು ಮರಳು ಹಾಕಿ, ಮೇಲೆ ನೀರು ಬಸಿಯುವ ಒರಟು ಕೃತಕ ಬಟ್ಟೆ ಹಾಸಿ. ಕಾಯಿ ಬೆಳೆಯುತ್ತ ಜಾರಬೇಕು. ಮಣ್ಣಿಗೆ ಕಚ್ಚಿಕೊಂಡರೆ ತೊಟ್ಟಿನ ಮೇಲೆ ಎಳೆತ ಬೀಳುತ್ತದೆ, ಮಳೆಯಲ್ಲಿ ಅಡಿ ಕೊಳೆಯುತ್ತದೆ. ಬಿಸಿಲಿಗೆ ಕಾಯಿಯ ಮೇಲೆ ಬಿಳಿ ಬಟ್ಟೆಯ ನೆರಳು ಬೇಕು, ಆದರೆ ಚೌಕಟ್ಟಿಗೆ ಕಟ್ಟಿದ ಬಟ್ಟೆ ಬಿರುಗಾಳಿಯಲ್ಲಿ ಹಾಯಿಪಟವಾಗುತ್ತದೆ. ಮೋಡ ಕಂಡ ಕೂಡಲೇ ಇಳಿಸಿಬಿಡಿ.

ನೀರು ಮತ್ತು ಬಿರುಕು

ಪರಾಗಸ್ಪರ್ಶವಾಗಿ 20ರಿಂದ 40ನೇ ದಿನದ ನಡುವೆ ಕಾಯಿ ದಿನಕ್ಕೆ 15ರಿಂದ 20 ಕಿಲೋ ಏರಬಹುದು. ಬಿಸಿಲ ದಿನ ಗಿಡ 300ರಿಂದ 400 ಲೀಟರ್ ನೀರು ಕೇಳುತ್ತದೆ. ಈ ಓಟದಲ್ಲಿ ಮಣ್ಣು ಒಣಗಿ, ಮೇಲೆ ಒಮ್ಮೆಲೇ ಜಡಿಮಳೆ ಹೊಡೆದರೆ, ಒಳಗಿನ ತಿರುಳು ಹಿಗ್ಗುವ ವೇಗಕ್ಕೆ ಹೊರಸಿಪ್ಪೆ ಹಿಗ್ಗದೆ ಬಿರಿಯುತ್ತದೆ. ಅದೂ ಮಳೆಯಲ್ಲಲ್ಲ, ಮಳೆ ನಿಂತು ಬೇರು ಪೂರ್ತಿ ಕುಡಿದ ಮೇಲೆ.

ಮಳೆ ಬರುತ್ತದೆಂದು ನೀರು ನಿಲ್ಲಿಸಿ ಮಣ್ಣು ಒಣಗಿಸುವುದು ಅತಿ ಸಾಮಾನ್ಯ ತಪ್ಪು. ಒಣಗಿದಷ್ಟೂ ಆಮೇಲಿನ ಏರಿಕೆ ಜೋರು. ಮಾಡಬೇಕಾದದ್ದು ಇದರ ತದ್ವಿರುದ್ಧ: ಕೊನೆಯ ದಿನದವರೆಗೂ ಸಮನಾಗಿ ತೇವ ಕಾಪಾಡಿ, ಮಳೆನೀರು ಮಣ್ಣಿಗಿಳಿಯುವುದನ್ನು ತಡೆಯಿರಿ. ಕವಲು ಬಳ್ಳಿಗಳ ನಡುವಿನ ಸಾಲಿನಲ್ಲಿ, ಎಲೆಗಳ ಕೆಳಗೆ, ಪ್ಲಾಸ್ಟಿಕ್ ಹಾಳೆಯ ಪಟ್ಟಿಗಳನ್ನು ಕಾಲುವೆಯ ಕಡೆಗೆ ಇಳಿಜಾರಾಗಿ ಹಾಸಿ, ಅಂಚಿಗೆ ಕಲ್ಲು ಇಡಿ. ಅರ್ಧದಷ್ಟು ನೆಲ ಮುಚ್ಚಿದರೂ ವ್ಯತ್ಯಾಸ ದೊಡ್ಡದು. ಮಳೆ ನಿಂತ ಕೂಡಲೇ ಪಟ್ಟಿ ತೆಗೆಯಿರಿ, ಬಿಟ್ಟರೆ ಅಡಿಯ ಬೇರು ಬೇಯುತ್ತದೆ.

ದೊಡ್ಡ ಮಳೆಗೆ ವಾರವಿರುವಾಗಲೇ ಸಾರಜನಕ ನಿಲ್ಲಿಸಿ. ಕೆಲವರು ಒಂದೆರಡು ಕವಲಿನ ಕುಡಿ ಚಿವುಟದೆ ಬೆಳೆಯಲು ಬಿಡುತ್ತಾರೆ, ಏರಿದ ನೀರಿಗೆ ಅದೊಂದು ಹೊರದಾರಿ ಎಂಬ ಲೆಕ್ಕದಲ್ಲಿ. ಜಾಗವಿದ್ದರೆ ಹಾಗೆ ಮಾಡುವುದರಿಂದ ನಷ್ಟವೇನಿಲ್ಲ.

ಬಿರುಗಾಳಿಗೆ ಎರಡು ದಿನ ಮೊದಲು

ಕಾಲುವೆಯ ಕಸ ತೆಗೆದು ಒಂದು ಕೊಡ ನೀರು ಸುರಿದು ನೋಡಿ, ಹರಿಯುತ್ತದೆಯೇ? ಕಾಯಿಯ ಬಳಿ ಬಿಡಿಸಿದ ತುಂಡು ಮತ್ತು ಕುಡಿ ಬಿಟ್ಟು, ತೆರೆದಿರುವ ಬಳ್ಳಿಯನ್ನೆಲ್ಲ ಹೂಳಿ. ಕುಡಿಗಳಿಗೆ ಕಡ್ಡಿ ಜೋಡಿಗಳನ್ನು ಗೇಣಿಗೊಂದರಂತೆ ಹೆಚ್ಚಿಸಿ. ಮಡಿಯ ಗಾಳಿಬದಿಯ ಅಂಚಿನಲ್ಲಿ ಸೊಂಟದೆತ್ತರಕ್ಕೆ ಇನ್ನೊಂದು ಸಾಲು ಬಲೆ ಕಟ್ಟಿ. ಮೊದಲ ಸಾಲಿನ ಎಲೆ ನಿಂತರೆ ಹಿಂದಿನದ್ದೆಲ್ಲ ನಿಲ್ಲುತ್ತದೆ, ಮೊದಲ ಸಾಲು ಮಲಗಿದರೆ ಗಾಳಿ ಒಳನುಗ್ಗಿ ಸಾಲುಸಾಲೇ ಮಲಗಿಸುತ್ತದೆ. ಆಲಿಕಲ್ಲಿನ ಸೂಚನೆಯಿದ್ದರೆ ಕಾಯಿಗೆ ದಪ್ಪ ಕಂಬಳಿ ಹೊದಿಸಿ, ಮೇಲೆ ನೀರು ನಿಲ್ಲದ ಹಾಳೆ ಹಾಕಿ, ಹಗ್ಗವನ್ನು ನೆಲದ ಗೂಟಕ್ಕೆ ಕಟ್ಟಿ. ತೊಟ್ಟಿಗೆ ಎಂದೂ ಕಟ್ಟಬೇಡಿ. ಬುಡದ ಮೇಲೆ ಸಣ್ಣ ಮಾಡು ಮಾಡಿ.

ಗುಡುಗು ಶುರುವಾದ ಮೇಲೆ ಮಡಿಗೆ ಕಾಲಿಡಬೇಡಿ. ಲೋಹದ ಕಂಬಗಳ ನಡುವೆ ಒದ್ದೆಯಾಗಿ ನಿಂತು ಉಳಿಸಬಹುದಾದದ್ದು ಏನೂ ಇಲ್ಲ.

ಬಿರುಗಾಳಿಯ ನಂತರ

ಮೊದಲ ಕೆಲಸ ನೀರು ಹೊರಹಾಕುವುದು. 24 ಗಂಟೆಗಿಂತ ಹೆಚ್ಚು ನಿಂತ ನೀರು ಬೇರಿನ ಕೊಳೆಗೆ ಬಾಗಿಲು ತೆರೆಯುತ್ತದೆ. ಹಲಗೆಯ ಮೇಲಷ್ಟೇ ಓಡಾಡಿ.

ಆಮೇಲೆ ಬುಡ. ಸುತ್ತಲಿನ ಮಣ್ಣು ಸರಿಸಿ, ಬುಡ ಬಯಲಾಗಿಸಿ, ಸಣ್ಣ ಫ್ಯಾನ್ ಇಟ್ಟು ಒಣಗಿಸಿ. ನೊರೆ, ಲೋಳೆ, ಹುಳಿವಾಸನೆ ಇದ್ದರೆ ಕೊಳೆತ ಭಾಗವನ್ನು ಶುಚಿ ಚಾಕುವಿನಿಂದ ಗಟ್ಟಿ ಭಾಗ ಸಿಗುವವರೆಗೆ ಕೆರೆದು, ಶಿಲೀಂಧ್ರನಾಶಕ ಪುಡಿಯನ್ನು ಡಬ್ಬಿಯ ಮೇಲಿನ ಸೂಚನೆಯಂತೆ ಸವರಿ. ಬುಡ ಪೂರ್ತಿ ಹೋದರೂ ಬಳ್ಳಿಯ ಗಿಣ್ಣಿನ ಬೇರುಗಳು ಕಾಯಿಯನ್ನು ಸಾಕಬಲ್ಲವು. ಅಷ್ಟು ದಿನ ಹೂಳಿದ್ದರ ಫಲ ಸಿಗುವುದು ಆಗ.

ಮುರಿದ ಎಲೆಗಳನ್ನು ಕಂಡಕಂಡಲ್ಲಿ ಕೀಳಬೇಡಿ. ಅರ್ಧಕ್ಕಿಂತ ಹೆಚ್ಚು ಹಸಿರು ಉಳಿದ ಎಲೆ ಹರಿದಿದ್ದರೂ ಕೆಲಸ ಮಾಡುತ್ತದೆ. ದಂಟೇ ಮುರಿದ ಎಲೆಯನ್ನು ಮಾತ್ರ ಬಿಸಿಲೇರಿದ ಮೇಲೆ ಕತ್ತರಿಸಿ. ಎಲೆದಂಟು ಕೊಳವೆಯಂತೆ ಟೊಳ್ಳು. ನೆಟ್ಟಗೆ ನಿಂತ ತುಂಡಿನಲ್ಲಿ ಮಳೆನೀರು ತುಂಬಿ, ಕೊಳೆ ನೇರ ಗಿಣ್ಣಿಗೆ ಇಳಿಯುತ್ತದೆ. ಬಳ್ಳಿಯಿಂದ ಎರಡು ಮೂರು ಸೆಂ.ಮೀ. ಬಿಟ್ಟು ಓರೆಯಾಗಿ ಕೊಯ್ದು, ಮುಂದಿನ ಮಳೆಗೆ ಮೊದಲು ತುದಿ ಒಣಗಿಸಿ.

ಮಗುಚಿದ ಬಳ್ಳಿಯನ್ನು ಮಧ್ಯಾಹ್ನದವರೆಗೆ ಮುಟ್ಟದೆ, ಆಮೇಲೆ ನಿಧಾನಕ್ಕೆ ತಿರುಗಿಸಿ. ಎಲೆಗಳು ಎರಡು ಮೂರು ದಿನದಲ್ಲಿ ತಾವೇ ಬಿಸಿಲಿಗೆ ಮುಖ ಮಾಡುತ್ತವೆ. ಉದ್ದಕ್ಕೆ ಸೀಳಿದ ಬಳ್ಳಿಗೆ ಎರಡೂ ಬದಿ ದೆಬ್ಬೆ ಕೊಟ್ಟು ಬಟ್ಟೆಯ ಪಟ್ಟಿ ಸುತ್ತಿ, ಗಾಯ ಒಣಗುವವರೆಗೆ ಮಣ್ಣು ಮುಚ್ಚಬೇಡಿ.

ಮಳೆಯ ಮರುದಿನ ಎಲೆ ಹಳದಿಯಾದರೆ ಹಸಿವೆಂದು ಗೊಬ್ಬರ ಸುರಿಯುವ ಆತುರ ಬೇಡ. ಬೇರಿಗೆ ಗಾಳಿ ಸಾಲದೆ ಹಾಗಾಗಿದೆ, ಆಗ ರಾಸಾಯನಿಕ ಗೊಬ್ಬರ ಇನ್ನಷ್ಟು ಕೆಡಿಸುತ್ತದೆ. ನಾಲ್ಕೈದು ದಿನ ಬಿಟ್ಟು, ಮಣ್ಣು ಕೈಗೆ ಅಂಟದಷ್ಟು ಆರಿದ ಮೇಲೆ, ಮಳೆಗೆ ಕೊಚ್ಚಿಹೋದ ಸಾರಜನಕ, ಪೊಟ್ಯಾಶ್ ಎರಡನ್ನೂ ತೆಳುವಾಗಿ ನೀರಿನಲ್ಲಿ ಕೊಡಿ. ಎಲೆಯ ಗಾಯಕ್ಕೆ ಕೊಳೆಯೂ, ವಾತಾವರಣ ತಿಳಿಯಾದ ಮೇಲೆ ಬೂದಿ ರೋಗವೂ ಬರುತ್ತವೆ. ಎರಡಕ್ಕೂ ರೋಗ ಕಂಡ ಮೇಲಲ್ಲ, ಮೊದಲೇ ಸಿಂಪಡಿಸಿ.

ಕಾಯಿಯ ಬಿರುಕನ್ನು ಕಡ್ಡಿ ಹಾಕಿ ಕೆದಕಬೇಡಿ. ಮೇಲ್ಮೈ ಬಿರುಕಾದರೆ ಒರೆಸಿ, ಫ್ಯಾನ್ ಗಾಳಿಗೆ ಒಣಗಿಸಿ, ಶಿಲೀಂಧ್ರನಾಶಕ ಲೇಪಿಸಿದರೆ ಕಾರ್ಕಿನಂತೆ ಗಟ್ಟಿಯಾಗಿ ಬೆಳೆ ಮುಂದುವರಿಯುತ್ತದೆ. ಒಳಪೊಳ್ಳಿನವರೆಗೆ ತಲುಪಿದರೆ ಸ್ಪರ್ಧೆಯ ಲೆಕ್ಕದಲ್ಲಿ ಕಾಯಿ ಮುಗಿಯಿತು. ದೈತ್ಯ ಕುಂಬಳ ಸ್ಪರ್ಧೆಗಳಿಗೆ ನಿಯಮ ರೂಪಿಸುವ ಗ್ರೇಟ್ ಪಂಪ್‌ಕಿನ್ ಕಾಮನ್‌ವೆಲ್ತ್ ಸಂಸ್ಥೆಯ ನಿಯಮದಂತೆ ಕಾಯಿ ಗಟ್ಟಿಯಾಗಿರಬೇಕು, ಒಳಪೊಳ್ಳಿಗೆ ತೆರೆದ ತೂತು, ಬಿರುಕು ಇದ್ದರೆ ಅನರ್ಹ.

ಅಳತೆ

ದಿನವೂ ಒಂದೇ ಹೊತ್ತಿಗೆ ಮೂರು ಅಳತೆ ಬರೆದಿಡಿ: ನೆಲಕ್ಕೆ ಸಮಾಂತರವಾಗಿ ಸುತ್ತಳತೆ, ಕಾಯಿಯ ಮೇಲಿಂದ ಹಾಯಿಸಿ ಒಂದು ಪಕ್ಕದ ನೆಲದಿಂದ ಇನ್ನೊಂದು ಪಕ್ಕದ ನೆಲಕ್ಕೆ ಅಡ್ಡ, ಹಾಗೆಯೇ ತೊಟ್ಟಿನ ಕಡೆಯ ನೆಲದಿಂದ ಹೂತುದಿಯ ಕಡೆಯ ನೆಲಕ್ಕೆ ಉದ್ದ. ಮೂರರ ಮೊತ್ತದಿಂದ ತೂಕ ಅಂದಾಜಿಸುವ ಕೋಷ್ಟಕಗಳಿವೆ. ಬಿರುಗಾಳಿಯ ನಂತರ ಈ ಪಟ್ಟಿಯೇ ವೈದ್ಯ. ಮೊತ್ತ ಇದ್ದಕ್ಕಿದ್ದಂತೆ ಜಿಗಿದರೆ ಬಿರುಕಿನ ಭಯ, ಕಾಯಿಗೆ ನೆರಳು ಮಾಡಿ, ನೀರು ಹಿಡಿತದಲ್ಲಿಡಿ. ಏರಿಕೆ ಅರ್ಧಕ್ಕಿಳಿದು ನಾಲ್ಕೈದು ದಿನವಾದರೂ ಚೇತರಿಸದಿದ್ದರೆ ಬೇರಿನಲ್ಲಿ ಕೊಳೆ ಹುಡುಕಿ.

ಕೊಯ್ಲು

ತೊಟ್ಟಿನ ಎರಡೂ ಬದಿ ಬಳ್ಳಿ 2.5 ಸೆಂ.ಮೀ. ಮೀರದಂತೆ ಕತ್ತರಿಸಿ. ಎತ್ತಲು ಉಂಗುರಕ್ಕೆ ಜೋಡಿಸಿದ ಎಂಟು ಅಗಲ ಪಟ್ಟಿಗಳು, ಮೂರು ಕಾಲಿನ ಚೌಕಟ್ಟು, ಸರಪಳಿ ರಾಟೆ ಬೇಕು. ಎಲ್ಲವೂ ಅಂದಾಜು ತೂಕದ ದುಪ್ಪಟ್ಟು ತಾಳುವಂಥವು ಇರಲಿ. ಮಳೆ ನೆನೆದ ನೆಲದಲ್ಲಿ ಚೌಕಟ್ಟಿನ ಒಂದು ಕಾಲು ಹೂತರೂ ಕಾಯಿ ಓಲಾಡಿ ಬೀಳುತ್ತದೆ, ಆದ್ದರಿಂದ ಮೂರೂ ಕಾಲಿನ ಅಡಿಗೆ ದಪ್ಪ ಹಲಗೆ ಕೊಡಿ. ಮೊದಲು ಒಂದು ಗೇಣಷ್ಟೇ ಎತ್ತಿ ನಿಲ್ಲಿಸಿ, ಅಡಿಯ ಮೇಲೆ ಕೈಯಾಡಿಸಿ ಮೆತ್ತಗಿದೆಯೇ ಎಂದು ಪಕ್ಕದಿಂದ ನೋಡಿ. ಕಾಯಿಯ ಕೆಳಗೆ ತಲೆ ಹಾಕಬೇಡಿ. ಕೊಯ್ದ ಕಾಯಿ ದಿನದಿನಕ್ಕೆ ತೂಕ ಕಳೆದುಕೊಳ್ಳುತ್ತದೆ, ತೂಕದ ದಿನಕ್ಕೆ ಹತ್ತಿರವಾಗಿಯೇ ಕೊಯ್ದು, ಒದ್ದೆ ಕಂಬಳಿ ಹೊದಿಸಿ ನೆರಳಿನಲ್ಲಿಡಿ.